ನೀರಿಲ್ಲದ ಬೋರಿಗೆ ಮಾಡಿದ ಕೊಳವೆ

ಗಂಡನಿಂದ ಬೇರೆಯಾಗಿ ಚಿತ್ರದುರ್ಗಕ್ಕೆ ಮರಳಿದ ಮೇಲೆ ನನ್ನ ಮಗಳು ಹೊಳಲ್ಕೆರೆ ರಸ್ತೆಯಲ್ಲಿ ಒಂದು ಶೆಡ್ ಹಿಡಿದಳು. ಬೋರ್‌ವೆಲ್ಲಿನೊಳಗೆ ಕ್ಯಾಮೆರಾ ಇಳಿಬಿಟ್ಟು, ಮೋಟರ್ ಎಲ್ಲಿ ಸಿಕ್ಕಿಕೊಂಡಿದೆ, ಕಲ್ಲು ಎಲ್ಲಿ ಕುಸಿದಿದೆ ಎಂದು ಪರದೆಯಲ್ಲಿ ನೋಡಿ ಹೇಳುವ ಕೆಲಸ. ಬಳೆ, ಸರ ಎಲ್ಲ ಮಾರಿ ಹೊರದೇಶದಿಂದ ತರಿಸಿದ ಒಂದೇ ಒಂದು ಕ್ಯಾಮೆರಾ. ಅದಿದ್ದರೇ ಅವಳ ಬದುಕು.

ಕ್ಯಾಮೆರಾ ಕೂರುವ ಅಲ್ಯೂಮಿನಿಯಂ ಕೊಳವೆಯನ್ನು ಮಾತ್ರ ತಾನೇ ಮಾಡಿದಳು. ಕಾನ್ವೆಂಟಿನ ಸಿಸ್ಟರುಗಳು ನನಗೆ ಎಂಬ್ರಾಯ್ಡರಿ, ಎಲೊಕ್ಯೂಷನ್ ಕಲಿಸಿದರೇ ಹೊರತು ಫಿಸಿಕ್ಸ್ ಕಲಿಸಲಿಲ್ಲ. ಪ್ರೆಷರ್ ಎಂದರೆ ನನಗೆ ಕುಕ್ಕರ್. ಆದರೂ ಸಂಜೆ ಅವಳ ಲ್ಯಾಪ್‌ಟಾಪಿನ ಪಕ್ಕ ಕೂರುತ್ತಿದ್ದೆ. ಬೋರಿನೊಳಗೆ ಕೊಳವೆ ತಡೆಯುತ್ತದೆಯೇ ಎಂದು ಅದು ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸುತ್ತಿತ್ತು. ಹೊರಗಿನಿಂದ ನೀರು ಅಮುಕುತ್ತದೆ, ಒಳಗೆ ಬರೀ ಗಾಳಿ. ಕೊಳವೆ ಹೆಚ್ಚು ನಲುಗುವಲ್ಲಿ ಕೆಂಪು, ತಡೆಯುವಲ್ಲಿ ನೀಲಿ. ಸೋ ಬ್ಯೂಟಿಫುಲ್, ಚರ್ಚಿನ ಬಣ್ಣದ ಗಾಜಿನ ಹಾಗೆ.

ನೀರು ಎಷ್ಟು ಎತ್ತರ ನಿಂತಿರುತ್ತದೆಂದು ನಾವೇ ಕಂಪ್ಯೂಟರಿಗೆ ಹೇಳಬೇಕು. ಅವಳು ಹಿರಿಯೂರಿನವರನ್ನೂ ಹೊಸದುರ್ಗದವರನ್ನೂ ಕೇಳಿದಳು. ಬೋರ್ ಕೊರೆಯುವವನೊಬ್ಬ ನಕ್ಕ. "ನೀರೆಲ್ಲೈತಕ್ಕಾ? ತಳದಾಗೆ ಒಂದೀಟು. ಮೇಲೆಲ್ಲ ಬರೇ ಗಾಳಿ."

ಎಲ್ಲರ ಮಾತೂ ಅದೇ. ಅವಳು ಕಂಪ್ಯೂಟರಿನ ಲೆಕ್ಕದಲ್ಲಿ ಅಷ್ಟೇ ನೀರು ಹಾಕಿದಳು. ಕೊಳವೆ ಪೂರ್ತಿ ನೀಲಿಯಾಯಿತು. ತೆಳುವಾದದ್ದೇ ಸಾಕು, ಕೈಯಲ್ಲಿ ಇಳಿಸಲು ಹಗುರ ಎಂದು ಖುಷಿಪಟ್ಟಳು. ತುರುವನೂರಿನ ಕಡೆಯೆಲ್ಲ ಅದನ್ನೇ ಇಳಿಸಿ ಒಳ್ಳೆಯ ಹೆಸರು ಮಾಡಿದಳು.

ಆಮೇಲೆ ಮಳೆ ಬಂತು. ನಮ್ಮ ಸೀಮೆಯಲ್ಲಿ ಯಾರೂ ಕಾಣದಂಥ ಮಳೆ.

ಹರಿಯಬ್ಬೆಯಲ್ಲಿ ಒಬ್ಬರ ತೋಟದ ಬೋರಿನಲ್ಲಿ ಮೋಟರ್ ಹಗ್ಗ ಹರಿದು ಕೆಳಗೆ ಬಿದ್ದಿತ್ತು. ಔಟಿಂಗ್ ಆಗುತ್ತದೆಂದು ನಾನೂ ಕಾರಿನಲ್ಲಿ ಹೋದೆ. ಬೋರಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಸರಿಸಿದರೆ ನೀರು ಕೈಗೆ ಎಟಕುವಂತಿತ್ತು. ಮನೆಯ ಹೆಂಗಸರು ಬೋರಿನ ಕೇಸಿಂಗ್ ಪೈಪಿಗೆ ಕುಂಕುಮ ಹಚ್ಚಿ ಹೂವಿಟ್ಟರು. ಮಗಳೂ ಒಂದು ಹೂವಿಟ್ಟಳು. ಆ ಸಂಭ್ರಮದಲ್ಲಿ ಅವಳಿಗಾಗಲಿ ಯಾರಿಗಾಗಲಿ ಬೇರೇನೂ ಹೊಳೆಯಲಿಲ್ಲ.

ಕ್ಯಾಮೆರಾ ಇಳಿಯಿತು. ತಿಳಿನೀರು, ಹಸಿರು ಮಿಶ್ರಿತ ಬಂಡೆ, ಇನ್ನೂ ಬಂಡೆ. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಕರೆಂಟ್ ಹೋಯಿತೇ ಎಂದು ಯಾರೋ ಕೇಳಿದರು. ಅವಳ ಕೈ ಹಗ್ಗದ ರಾಟೆಯ ಮೇಲೇ ನಿಂತಿತು.

"ಅಮ್ಮಾ, ಇಷ್ಟು ನೀರು ನಾನು ಹಾಕಿರಲಿಲ್ಲ" ಎಂದಳು, ನನಗೆ ಮಾತ್ರ ಕೇಳುವಂತೆ.

ಮೇಲೆ ಬಂದ ಕೊಳವೆ ಬೂಟುಗಾಲಲ್ಲಿ ತುಳಿದ ಡಬ್ಬಿಯಂತೆ ಚಪ್ಪಟೆಯಾಗಿತ್ತು. ಬಗ್ಗಿಸಿದರೆ ಒಳಗಿನಿಂದ ನೀರು, ಕ್ಯಾಮೆರಾದ ಗಾಜಿನ ಚೂರು ಸುರಿದವು. ತೋಟದ ಯಜಮಾನ ಒಳ್ಳೆಯ ಮನುಷ್ಯ, ಸಮಾಧಾನ ಹೇಳಿದ.

"ಹೋಗ್ಲಿ ಬಿಡವ್ವ, ಗಂಗಮ್ಮ ಬಂದಾಳಲ್ಲ. ಉಂಡ್ಕಂಡು ಹೋಗ್ರಿ."

ಹೋಳಿಗೆ ಬಡಿಸಿದರು. ಪೂರ್ ಚೈಲ್ಡ್, ಅವರ ಮನಸ್ಸು ನೋಯಿಸಬಾರದೆಂದು ಎರಡು ತಿಂದಳು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೋರಿನ ಬಾಯಿತನಕ ನೀರು ತುಂಬಿಸಿ ಲೆಕ್ಕ ಹಾಕಿದಳು. ಕೊಳವೆಯೆಲ್ಲ ಕೆಂಪು. ಗೋಡೆಯನ್ನು ದಪ್ಪ ಮಾಡುತ್ತಾ ಹೋದಳು. ಕೊನೆಗೆ ಎಲ್ಲ ನೀಲಿಯಾದಾಗ ನನ್ನನ್ನು ಕರೆದು ತೋರಿಸಿದಳು. ವೆರಿ ನೈಸ್ ಎಂದೆ. ಅದರೊಳಗೆ ಇಡಲು ಕ್ಯಾಮೆರಾ ಇರಲಿಲ್ಲ, ಮಾರಲು ಒಡವೆಯೂ ಉಳಿದಿರಲಿಲ್ಲ.

ಶೆಡ್ಡಿನಲ್ಲಿ ಈಗ ಬೇರೆಯವರ ಟೈಲ್ಸ್ ಅಂಗಡಿ ಇದೆ. ಬೋರುಗಳಲ್ಲಿ ನೀರು ಬಂದದ್ದರಿಂದ ಎಲ್ಲರೂ ಹಳೆಯ ಮೋಟರ್ ಎತ್ತಿಸಲು ಹೊರಟಿದ್ದಾರೆ. ದಿನವೂ ಫೋನು ಬರುತ್ತದೆ. ಅವಳು ಮೆತ್ತಗೆ, "ಇಲ್ಲಣ್ಣ, ಈಗ ಆ ಕೆಲಸ ಬಿಟ್ಟಿದೀನಿ" ಎಂದು ಹೇಳಿ ಇಡುತ್ತಾಳೆ.