ದನಿ ಎಲ್ಲೈತೆ, ತೋರ್ಸಿ

ಬಾಣಾವರದಲ್ಲಿ ಹಿಟ್ಟಿನ ಗಿರಣಿಯ ಮೇಲೊಂದು ರೆಕಾರ್ಡಿಂಗ್ ಕೋಣೆಯಿತ್ತು. ನಡೆಸುತ್ತಿದ್ದವರನ್ನು ಊರವರು ಸ್ಟುಡಿಯೊ ಮೇಷ್ಟ್ರು ಎನ್ನುತ್ತಿದ್ದರು. ಕೆಳಗೆ ಗಿರಣಿ ನಿಂತರೆ ಮಾತ್ರ ಅವರ ಕೆಲಸ ಶುರು. ಬಂದವರಿಗೆ ಹೆಡ್‌ಫೋನ್ ಹಾಕಿ, "ಕಣ್ ಮುಚ್ಕಳಿ. ದನಿ ಎಲ್ಲೈತೆ, ಕೈಯಲ್ಲಿ ತೋರ್ಸಿ" ಎನ್ನುವರು. ಬಾಯಲ್ಲಿ ಹೇಳಹೋದರೆ ಸಿಡುಕುವರು.

ತೀರಿಹೋದ ಅಮ್ಮ ಹಾಡಿದ್ದ ಒಂದು ಸೋಬಾನೆ ನನ್ನ ಹಳೆಯ ಮೊಬೈಲಿನಲ್ಲಿ ಉಳಿದಿತ್ತು. ಮೋನೊ ದನಿ, ಎರಡು ಕಿವಿಗೂ ಒಂದೇ. ಅದನ್ನು ಸ್ಟೀರಿಯೊ ಮಾಡಿಸಿಕೊಳ್ಳಲು ಮೇಷ್ಟ್ರ ಬಳಿ ಹೋದೆ. ಮದುವೆಮನೆಗಳಲ್ಲಿ ಅಮ್ಮನ ಪಕ್ಕ ಕೂತು ಹಾಡುತ್ತಿದ್ದ ಚಿಕ್ಕಮ್ಮನನ್ನೂ ಕರೆದೊಯ್ದಿದ್ದೆ. ಹೆಡ್‌ಫೋನ್ ಹಾಕಿಕೊಂಡವಳು ಹಣೆಯ ನಡುವೆ ಬೆರಳಿಟ್ಟಳು.

"ಇಲ್ಲೇ ಐತೆ, ನಮ್ಮಕ್ಕನ್ ದನಿ."

ಮೇಷ್ಟ್ರು ಅದೇ ದನಿಯನ್ನು ಎರಡು ಮಾಡಿ, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಕಳಿಸಿದರು. ಬಲದ್ದನ್ನು ಕೂದಲೆಳೆಯಷ್ಟು ತಡವಾಗಿ ಹೊರಡಿಸಿದರು. ಚಿಕ್ಕಮ್ಮನ ಬೆರಳು ಎಡಕ್ಕೆ ಜಾರಿತು. ಬಲದ ದನಿಯನ್ನು ತುಸು ಏರಿಸಿದರು. ಬೆರಳು ನಿಂತಿತು, ಇನ್ನೊಂದು ಕೈಯೂ ಎದ್ದಿತು. ಮೇಷ್ಟ್ರು ಕಂಪ್ಯೂಟರನ್ನು ನೋಡುತ್ತಲೇ ಇರಲಿಲ್ಲ, ಆ ಕೈಗಳನ್ನೇ ನೋಡುತ್ತಿದ್ದರು. ಅವು ನಿಧಾನವಾಗಿ ಅಗಲವಾದವು. ಆಮೇಲೆ ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಬೆಂಚಿನ ಮೇಲೆ ಪಕ್ಕಕ್ಕೆ ಸರಿದು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.

ಹಾಡು ಮುಗಿದ ಮೇಲೆ ನಾನು, "ನೀವೂ ಒಂದ್ಸಲ ಕೇಳಿ ಮೇಷ್ಟ್ರೇ" ಎಂದೆ.

"ನಂಗೆ ಸಣ್ಣೋನಾಗಿದ್ದಾಗಿಂದ ಎಡಗಿವಿ ಕೇಳಲ್ಲ ಕಣ್ರೀ" ಎಂದರು, ಬೆಂಚಿನ ಆ ಖಾಲಿ ಜಾಗದಿಂದ ಕಣ್ಣು ತೆಗೆಯದೆ. "ಸ್ಟೀರಿಯೊ ಅಂದ್ರೆ ನಂಗೆ ಇದೇಯ."