ಅವ್ವನ ರಿಪೋರ್ಟಿನ ಒಂದು ಶಬ್ದ

ಸ್ಕ್ಯಾಟರ್ ಅನ್ನುವ ಶಬ್ದವನ್ನು ಪ್ರತಿ ವರ್ಷ ಏಳನೇ ಇಯತ್ತೆಯವರಿಗೆ ಕಲಿಸುತ್ತೇನೆ. ಕುಂದಗೋಳ ತಾಲೂಕಿನ ಹಳ್ಳಿ ಶಾಲೆ, ಇಂಗ್ಲಿಷ್ ನನ್ನ ಪಾಲಿಗೆ. ಚೆಲ್ಲು, ಚದುರಿಸು ಎಂದು ಬೋರ್ಡಿನ ಮೇಲೆ ಬರೆದು, ಒಂದು ಹಿಡಿ ಜೋಳ ನೆಲಕ್ಕೆ ಎರಚಿ ತೋರಿಸುತ್ತೇನೆ. ಕಾಳು ಒಂದೇ ಕಡೆ ಗುಡ್ಡೆಯಾಗಿ ಬಿದ್ದರೆ ಅದು ಸುರಿದಂತೆ, ಸ್ಕ್ಯಾಟರ್ ಅಲ್ಲ. ಗುಬ್ಬಿಗಳು ಚದುರಿದವು, ಮೋಡಗಳು ಚದುರಿದವು ಎಂದು ವಾಕ್ಯ ಮಾಡಿಸುತ್ತೇನೆ. ತಪ್ಪಿದವರಿಗೆ ಬೈಗುಳ ತಪ್ಪಿದ್ದಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ.

ಆ ವರ್ಷ ಸೀಗಿ ಹುಣ್ಣಿಮೆಯ ಹಿಂದಿನ ದಿನ ಅದೇ ಶಬ್ದ ಅವ್ವನ ಸ್ಕ್ಯಾನ್ ರಿಪೋರ್ಟಿನಲ್ಲಿ ಸಿಕ್ಕಿತು. ಅವಳಿಗೆ ಎರಡು ತಿಂಗಳಿಂದ ಬಿಡದ ಕೆಮ್ಮು. ಹುಬ್ಬಳ್ಳಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ಲಕೋಟೆ ಬಿಚ್ಚಿ ಓದಿದೆ: ಎರಡೂ ಶ್ವಾಸಕೋಶಗಳಲ್ಲಿ ಸಣ್ಣ ಗಂಟುಗಳು, ಸ್ಕ್ಯಾಟರ್ಡ್. ಮುಂದಿನದು ನನಗೆ ತಿಳಿಯಲಿಲ್ಲ. ಇದೊಂದು ಚೆನ್ನಾಗಿ ತಿಳಿಯಿತು. ಒಂದೇ ಕಡೆ ಇದ್ದರೆ ಕೊಯ್ದು ತೆಗೆಯಬಹುದಿತ್ತೇನೋ ಅನ್ನಿಸಿತು. ಡಾಕ್ಟರ್ ಸಿಗುವುದು ಹಬ್ಬ ಮುಗಿದ ಮೇಲೆ.

“ಏನ ಬರದಾರ ಅದರಾಗ?” ಬಾಜುದಲ್ಲಿ ಕೂತ ಅವ್ವ ಕೇಳಿದಳು.

“ಏನಿಲ್ಲ ಬೇ. ಧೂಳಿನ ಕೆಮ್ಮಂತ,” ಅಂದೆ.

ಮರುದಿನ ಚರಗಕ್ಕೆಂದು ಹೊಲಕ್ಕೆ ಹೋದೆವು. ಅನ್ನ, ಕಡುಬು, ಪಲ್ಯ ಕಲಸಿದ ಬುಟ್ಟಿ ಹಿಡಿದು, ಭೂಮಿತಾಯಿಗೆಂದು ಹೊಲದ ತುಂಬ ಚೆಲ್ಲುತ್ತ ಒಬ್ಬರು ಮುಂದೆ ನಡೆಯಬೇಕು. ತಂಬಿಗೆಯಿಂದ ನೀರು ಚಿಮುಕಿಸುತ್ತ ಇನ್ನೊಬ್ಬರು ಹಿಂದೆ. ಚೆಲ್ಲುವವರು ಸುತ್ತು ಮುಗಿಯುವ ತನಕ ತಿರುಗಿ ನೋಡಬಾರದು, ಇದು ನಮ್ಮ ಮನೆಯ ಕಟ್ಟಳೆ. ಅಪ್ಪ ತೀರಿದ ಮೇಲೆ ಚೆಲ್ಲುವವಳು ಅವ್ವ, ನೀರು ನನ್ನದು.

ಆ ದಿನ ಮಾತ್ರ ಬದುವಿನ ಮೇಲೆ ನಿಂತು ಬುಟ್ಟಿಯನ್ನು ನನ್ನ ಕೈಗಿಟ್ಟಳು. “ಈ ಸರ್ತಿ ನೀ ಚೆಲ್ಲು. ಕಲ್ತಕೋ.”

ಮುಂದಿನ ವರ್ಷ ತಾನಿರುವುದಿಲ್ಲ ಅಂದಂತೆ ಕೇಳಿಸಿತು ಆ ಒಂದು ಮಾತು. ಮೆಣಸಿನ ಗಿಡಗಳ ಸಾಲಿನಲ್ಲಿ ಚೆಲ್ಲುತ್ತ ನಡೆದೆ. ಹಿಂದೆ ನೀರಿನ ಸಪ್ಪಳ, ನಡುನಡುವೆ ಕೆಮ್ಮು. ಕೆಮ್ಮು ಕೇಳುವ ತನಕ ಒಂದು ಧೈರ್ಯ. ಹೊಲದ ಮೂಲೆ ದಾಟುವಾಗ ಎರಡೂ ನಿಂತವು. ಹತ್ತು ಹೆಜ್ಜೆ ಹಾಗೇ ಹೋದೆ. ಕೈ ಚೆಲ್ಲುತ್ತಲೇ ಇತ್ತು, ಕಿವಿಯೆಲ್ಲ ಹಿಂದೆ. ಏನೂ ಕೇಳಲಿಲ್ಲ. ಹೆದರಿಕೆ ತಡೆಯದೆ ತಿರುಗಿ ನೋಡಿಬಿಟ್ಟೆ.

ಅವ್ವ ತಂಬಿಗೆ ಹಿಡಿದು ನಿಂತಿದ್ದಳು, ಏದುಸಿರು ಬಿಡುತ್ತ. ಬೈಯುತ್ತಾಳೆ ಅಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡಿದಳು.

“ಧೂಳಿನ ಕೆಮ್ಮಿಗೆ ಯಾರೂ ಇಷ್ಟ ಹೆದರಂಗಿಲ್ಲ,” ಅಂದಳು. “ಖರೇ ಹೇಳು, ಏನ ಬರದಾರ?”

ಬುಟ್ಟಿ ಕೆಳಗಿಟ್ಟೆ. ಇಷ್ಟು ವರ್ಷ ಕಲಿಸಿದ ಶಬ್ದಕ್ಕೆ ಅರ್ಥ ಹೇಳಲು ನಾಲಿಗೆ ಏಳಲಿಲ್ಲ. ನಾನು ನಡೆದು ಬಂದ ಸಾಲಿನ ಕರಿ ಮಣ್ಣಿನ ಮೇಲೆ ಅಲ್ಲೊಂದು ಇಲ್ಲೊಂದು ಅನ್ನದ ಅಗುಳು ಬಿದ್ದಿದ್ದವು. ಅವನ್ನೇ ತೋರಿಸಿದೆ.