ಹಕ್ಕಿಯ ಮೇಲೆ ಹೊರಿಸಿದ ಮೊಗ್ಗುಗಳು

ಮಲ್ಲಿಗೆಯ ಮೊಗ್ಗು ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಸಿಗುತ್ತದೆ. ಚಿಗುರಿನ ತುದಿಯಲ್ಲಿ, ಎಲೆಗಳ ಸಂದಿಯಲ್ಲಿ, ಸಾಸಿವೆ ಕಾಳಿನಂಥ ಒಂದು ಗಂಟು. ಒಂದು ಇಡೀ ಬೇಸಿಗೆ ನಾನು ಅದನ್ನು ಹುಡುಕಿ ಹುಡುಕಿ ಚಿವುಟಿದೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುಣೆಯಲ್ಲಿ ನಮ್ಮದು ಎರಡನೆಯ ಮಹಡಿಯ ಎರಡು ಕೋಣೆ, ಮುಂದೊಂದು ಗ್ಯಾಲರಿ. ನಾನು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ದೌಂಡದಲ್ಲಿ ರೈಲ್ವೆ ನೌಕರಿಯಲ್ಲಿದ್ದ ಅಳಿಯ ಕಾಮಾಲೆಯಾಗಿ ತೀರಿಕೊಂಡ. ಕ್ರಿಯಾಕರ್ಮ ಮುಗಿದ ಮೇಲೆ ಮಗಳು ಒಂದು ಟ್ರಂಕು ಹಿಡಿದು, ತೊಡೆಯ ಮೇಲೆ ಮಲ್ಲಿಗೆಯ ಕುಂಡ ಇಟ್ಟುಕೊಂಡು ರೈಲಿನಲ್ಲಿ ನಮ್ಮ ಮನೆಗೆ ಬಂದಳು.

"ಅವ್ರು ಹಚ್ಚಿದ ಗಿಡ ಅಪ್ಪಾ. ಇನ್ನೂ ಒಂದೂ ಹೂ ಬಿಟ್ಟಿಲ್ಲ. ನಾ ಅರಳಸ್ತೀನಿ" ಎಂದಳು.

ಚಳಿ ಮುಗಿಯುತ್ತಲೇ ಟೊಂಗೆಗಳನ್ನು ಕತ್ತರಿಸಿದಳು, ಮಣ್ಣು ಬದಲಿಸಿದಳು, ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕಿದಳು. ಬಿಸಿಲು ಸರಿದಂತೆ ಕುಂಡವನ್ನೂ ಗ್ಯಾಲರಿಯುದ್ದಕ್ಕೂ ಸರಿಸುತ್ತಿದ್ದಳು. ಹೋಳಿಯ ಹೊತ್ತಿಗೆ ಗಿಡ ಚಿಗುರಿ ಮೊದಲ ಮೊಗ್ಗು ಹಿಡಿಯಿತು.

ಆಗಲೇ ಬೆಳಗಾವಿಯಿಂದ ನನ್ನ ಅಕ್ಕ ಬಂದಿದ್ದಳು. ಗಿಡದ ಮುಂದೆ ನಿಂತು, "ಇದು ಅರಳಿದ್ರ ಯಾರ ತಲಿಗೆ ಏರಸೋದೋ ತಮ್ಮಾ?" ಎಂದಳು. ಮಗಳು ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನನಗಂತೂ ಅವತ್ತಿನಿಂದ ನೆಮ್ಮದಿ ಹೋಯಿತು. ಹೂ ಅರಳಿದರೆ ವಾಸನೆ ಮೆಟ್ಟಿಲಿಳಿದು ಮನೆಮನೆಗೆ ಹೋಗುತ್ತದೆ, ಎಲ್ಲರೂ ನನ್ನ ಮಗಳ ಜಡೆಯ ಕಡೆ ನೋಡುತ್ತಾರೆ ಅನ್ನಿಸುತ್ತಿತ್ತು. ಮರುದಿನ ನಸುಕಿನಲ್ಲಿ ನಳದ ನೀರು ತುಂಬಲು ಎದ್ದವನು ಗ್ಯಾಲರಿಗೆ ಹೋಗಿ ಮೊಗ್ಗುಗಳನ್ನು ಚಿವುಟಿ ಕೆಳಗಿನ ಗಟಾರಕ್ಕೆ ಎಸೆದೆ. ಹೂ ನೋಡಿ ಅವಳಿಗೆ ಸಂಕಟವಾಗಬಾರದು, ಅದಕ್ಕೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಮೊಗ್ಗಿ ಎಲ್ಲಿ ಹೋದವು?" ಎಂದು ಮಗಳು ಕೇಳಿದಾಗ ಬಾಯಿಗೆ ಬಂದದ್ದು, "ಹಕ್ಕಿ ತಿಂದಿರಬೇಕು."

ಅವಳು ಹಳೆಯ ಸೊಳ್ಳೆಪರದೆ ಹರಿದು ಗಿಡಕ್ಕೆ ಹೊಲಿದು ಹೊದಿಸಿದಳು. ನಾನು ಪರದೆಯ ಕೆಳಗೆ ಕೈ ತೂರಿಸತೊಡಗಿದೆ. ತುದಿ ಚಿವುಟಿದಷ್ಟೂ ಮಲ್ಲಿಗೆ ಪಕ್ಕಕ್ಕೆ ಕವಲೊಡೆಯುತ್ತದೆ. ಗಿಡ ದಟ್ಟವಾಯಿತು, ಮೊಗ್ಗುಗಳು ಹೆಚ್ಚಾದವು. ಅಂಗಡಿಯಲ್ಲಿ ಬಿಲ್ಲು ಬರೆಯುವಾಗ ಒಂದು ಮೊಗ್ಗು ಎಲ್ಲೋ ತಪ್ಪಿಸಿಕೊಂಡಿದೆ ಅನ್ನಿಸಿದರೆ ಕೈ ನಿಲ್ಲುತ್ತಿತ್ತು. ಊಟದ ನೆಪ ಹೇಳಿ ಮನೆಗೆ ಓಡಿ ಬರುತ್ತಿದ್ದೆ.

"ಭಾಳ ಶಾಣ್ಯಾ ಹಕ್ಕಿ ಬಿಡ್ರಿ ಇದು" ಎಂದು ಹೆಂಡತಿ ಒಂದು ದಿನ ಭಕ್ರಿ ಬಡಿಯುತ್ತ ಹೇಳಿದಳು. "ಎಲಿ ಮುಟ್ಟಂಗಿಲ್ಲ, ಪರದೆ ಹರಿಯಂಗಿಲ್ಲ." ನಾನು ಜೋರಾಗಿ ನಕ್ಕೆ.

ಒಂದು ಬೆಳಿಗ್ಗೆ ಪರದೆಯೊಳಗೆ ಕೈಯಿದ್ದಾಗಲೇ ಹಿಂದಿನಿಂದ ಮಗಳ ದನಿ ಬಂತು.

"ಹಕ್ಕಿ ನೀನ ಏನಪ್ಪಾ?"

ಕೈ ಹೊರಗೆ ತೆಗೆಯಲು ಹೋದೆ. ಗಡಿಯಾರದ ಪಟ್ಟಿ ಪರದೆಗೆ ಸಿಕ್ಕಿಕೊಂಡಿತು. ಅವಳೇ ಬಂದು ಬಿಡಿಸಿದಳು. ಅಂಗೈಯಲ್ಲಿದ್ದ ಹಸಿರು ಮೊಗ್ಗುಗಳನ್ನು ನೋಡಿದಳು.

"ಮಂದಿ ಏನರ ಅಂತಾರ ಅಂತ..." ಎಂದೆ.

"ಮಂದಿ ಎಲ್ಲಿದ್ದಾರ? ಇಲ್ಲಿ ನಾವಿಬ್ಬರ ಇದ್ದೀವಿ." ಅವಳ ದನಿ ಏರಲಿಲ್ಲ. "ಅವ್ರು ಹಚ್ಚಿದ್ದು ಅರಳಿದ್ದು ನೋಡೋದಿತ್ತು ನನಗ, ಅಷ್ಟ. ಮುಡಕೋತೀನಿ ಅಂತ ನಾ ಯಾವಾಗರ ಅಂದಿದ್ನೇನು?" ನನ್ನ ಅಂಗೈಯ ಮೊಗ್ಗುಗಳನ್ನು ತನ್ನ ಕೈಗೆ ಸುರಿದುಕೊಂಡು ಹೇಳಿದಳು: "ಈಗ ಮುಡಕೋತೀನಿ."

ಪರದೆ ಕತ್ತರಿಸಿ ತೆಗೆದಳು. ಅಂದಿನಿಂದ ದಿನವೂ ನನಗಿಂತ ಮೊದಲೇ ಎದ್ದು ಗ್ಯಾಲರಿಯಲ್ಲಿ ಮಣೆ ಹಾಕಿಕೊಂಡು ಕೂಡುತ್ತಿದ್ದಳು. ನಾನು ಹಾಸಿಗೆಯಲ್ಲೇ ಹೊರಳಾಡುತ್ತಿದ್ದೆ. ನಳ ಬಂದರೂ ಎದ್ದು ಹೋಗುವ ಧೈರ್ಯವಿರಲಿಲ್ಲ. ಹೆಂಡತಿ ನೀರು ತುಂಬುತ್ತಿದ್ದಳು.

ಮಳೆ ಇನ್ನೇನು ಬರಬೇಕು, ಆಗ ಗಿಡ ತುಂಬ ಹೂ ಬಿಟ್ಟಿತು. ಮಗಳು ಸಂಜೆ ಒಂದು ಮೊಳದಷ್ಟು ಮಾಲೆ ಕಟ್ಟಿ ಮುಡಿದುಕೊಂಡು, ಬಟ್ಟೆಯ ಪಿಶವಿ ಹಿಡಿದು ಕಾಯಿಪಲ್ಲೆ ತರಲು ಹೊರಟಳು. ನಾನು ಗ್ಯಾಲರಿಯ ಕಟಾಂಜನ ಹಿಡಿದು ನಿಂತೆ. ಹಾಲಿನವನು, ಎಲ್ಲರೂ ಕಾಕು ಎನ್ನುವ ಕೆಳಗಿನ ಮನೆಯಾಕೆ, ಮೂಲೆಯ ಪಾನ್ ಅಂಗಡಿಯ ಮುಂದೆ ನಿಂತವರು, ಯಾರು ತಿರುಗುತ್ತಾರೆ ಎಂದು ಒಬ್ಬೊಬ್ಬರನ್ನೇ ನೋಡಿದೆ. ಕಾಕು ಕೈಯೆತ್ತಿ ಏನೋ ಮಾತಾಡಿಸಿದಳು, ಅಷ್ಟೇ. ಉಳಿದವರು ತಮ್ಮ ಪಾಡಿಗೆ ತಾವಿದ್ದರು.

ಅವಳು ತಿರುಗಿ ಬಂದಾಗ ಕತ್ತಲಾಗಿತ್ತು. ಮಾಲೆಯನ್ನು ತೆಗೆದು ಅಳಿಯನ ಫೋಟೋಕ್ಕೆ ಏರಿಸಿ, ನನ್ನ ಕಡೆ ತಿರುಗಿದಳು.

"ನೋಡಿದಿ?"

"ಯಾರೂ ನೋಡಲಿಲ್ಲ ಮಗಳ."

"ಮಂದಿ ಸುದ್ದಿ ಅಲ್ಲಪ್ಪಾ. ನೀ ನೋಡಿದೇನು?"

ಹೌದು ಅನ್ನಬೇಕೆಂದಿದ್ದೆ. ಇನ್ನೊಂದು ಸುಳ್ಳು ನಾಲಿಗೆಗೆ ಬರಲಿಲ್ಲ. ಅವಳು ಪಿಶವಿ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ಗಿಡ ಎಷ್ಟೋ ಸಲ ಹೂ ಬಿಟ್ಟಿದೆ, ಅವಳು ಮತ್ತೆ ಮುಡಿದಿಲ್ಲ. ಆ ಸಂಜೆ ನನ್ನ ಮಗಳು ಹೇಗೆ ಕಂಡಳು ಎಂಬುದು ಬೀದಿಯಲ್ಲಿದ್ದ ಯಾರಿಗಾದರೂ ಗೊತ್ತಿದ್ದೀತು. ನನಗೆ ಗೊತ್ತಿಲ್ಲ.